ದಾಸೋಹದ ಧಾನ್ಯವೂ ನ್ಯಾಯದ ಬೆಲೆಯೂ

(ಶ್ರೀಮಠದ ಮಹೋತ್ಸವದ ಧರ್ಮಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಈ ಮಹೋತ್ಸವದ ಸಿದ್ಧತೆಗಳು ನಡೆದಿರುವಾಗ ದಾಸೋಹದ ಸಾಮಗ್ರಿಗಳ ವಿಷಯವಾಗಿ ಭಕ್ತಮಂಡಲಿಯಲ್ಲಿ ಒಂದು ಜಿಜ್ಞಾಸೆಯು ಹುಟ್ಟಿತು. ಬೆಂಗಳೂರು, ಪುಣೆ, ಹೈದರಾಬಾದ ಮುಂತಾದ ಕಡೆಗಳಲ್ಲಿ ಉದ್ಯೋಗದಲ್ಲಿರುವ ನಮ್ಮ ತರುಣ ಶಿಷ್ಯರು, “ಮಠದ ಉಗ್ರಾಣಕ್ಕೆ ಕೊಳ್ಳುವ ಚಹ, ಕಾಫಿ, ಸಕ್ಕರೆ ಮೊದಲಾದವು ನ್ಯಾಯವ್ಯಾಪಾರದ ಮುದ್ರೆಯುಳ್ಳವುಗಳೇ ಆಗಿರಬೇಕು, ಬೆಳೆದವನಿಗೆ ಅನ್ಯಾಯಮಾಡಿ ತಂದ ಪದಾರ್ಥವು ಪ್ರಸಾದವಾಗಲಾರದು” ಎಂದು ಸೂಚಿಸಿದರು. ಉಗ್ರಾಣವನ್ನು ನೋಡಿಕೊಳ್ಳುವ ಹಿರಿಯರು, “ಮುದ್ರೆಯ ಪದಾರ್ಥಕ್ಕೆ ಬೆಲೆ ಹೆಚ್ಚು. ಭಕ್ತರು ಕೊಟ್ಟ ಹಣದಿಂದ ಇನ್ನಷ್ಟು ಜನರಿಗೆ ಉಣಬಡಿಸುವದು ಧರ್ಮವೋ, ಪೊಟ್ಟಣದ ಮೇಲಿನ ಒಂದು ಗುರುತಿಗಾಗಿ ಹಣ ತೆರುವದು ಧರ್ಮವೋ?” ಎಂದು ಕೇಳಿದರು. ಎರಡು ಮಾತುಗಳೂ ಸದ್ಭಾವದಿಂದಲೇ ಹುಟ್ಟಿದವುಗಳಾದ್ದರಿಂದ, ಒಂದನ್ನು ಹಿಡಿದು ಇನ್ನೊಂದನ್ನು ತಳ್ಳಿಬಿಡುವದು ಸುಲಭವಲ್ಲ. ಶ್ರೀಗಳವರು ಇದನ್ನು ಶಾಸ್ತ್ರರೀತಿಯಿಂದ ವಿಚಾರಿಸಿ ಸಭೆಗೆ ತಿಳಿಸಬೇಕೆಂದು ನನಗೆ ಅಪ್ಪಣೆ ಕೊಡಿಸಿದರು. ತರ್ಕ ವ್ಯಾಕರಣಗಳನ್ನು ಓದಿದವನಿಗೆ ಪೇಟೆಯ ಧಾರಣೆಯ ಗೊಡವೆ ಏತಕ್ಕೆಂದು ಕೆಲವರಿಗೆ ಅನ್ನಿಸಬಹುದು. ಆದರೆ ತರ್ಕಶಾಸ್ತ್ರದ ಕೆಲಸವೇ ಪ್ರಮಾಣಗಳ ಪರೀಕ್ಷೆ; ಮುದ್ರೆಯೆಂಬದೂ ಒಂದು ಪ್ರಮಾಣವಾದ್ದರಿಂದ ಈ ಪ್ರಶ್ನೆಯು ನಮ್ಮ ಪಾಠಶಾಲೆಯ ಜಗಲಿಗೆ ಹೊರಗಿನದಲ್ಲ.

ಮೊದಲು ವಿಷಯದ ಸ್ವರೂಪವನ್ನು ತಿಳಿಯಬೇಕು. ನಮ್ಮ ಊರುಗಳಲ್ಲಿ “ನ್ಯಾಯಬೆಲೆ” ಎಂಬ ಮಾತು ಎಲ್ಲರ ಬಾಯಲ್ಲಿಯೂ ಉಂಟು. ನ್ಯಾಯಬೆಲೆ ಅಂಗಡಿ ಎಂದರೆ ಸರಕಾರದ ಪಡಿತರದ ಅಂಗಡಿ. ಅಲ್ಲಿಯ ನ್ಯಾಯವು ಕೊಳ್ಳುವವನ ಕಡೆಯ ನ್ಯಾಯ: ಬಡವನಿಗೆ ಕೈಗೆಟಕುವ ಬೆಲೆಯಲ್ಲಿ ಧಾನ್ಯ ಸಿಗಬೇಕೆಂಬದು ಅದರ ತಾತ್ಪರ್ಯ. ನ್ಯಾಯವ್ಯಾಪಾರವೆಂಬ ಹೊಸ ಮಾತಿನಲ್ಲಿ ಅದೇ ಶಬ್ದವು ಎದುರು ದಿಕ್ಕಿಗೆ ಮುಖಮಾಡಿ ನಿಂತಿದೆ. ಅಲ್ಲಿಯದು ಬೆಳೆಯುವವನ ಕಡೆಯ ನ್ಯಾಯ: ಇಂತಿಷ್ಟಕ್ಕೆ ಕಡಿಮೆಯಾದ ಬೆಲೆಗೆ ಅವನ ಬೆಳೆಯನ್ನು ಕೊಳ್ಳಬಾರದೆಂಬದು. ತಕ್ಕಡಿಗೆ ಎರಡು ತಟ್ಟೆಗಳಿರುವಂತೆ ಬೆಲೆಗೆ ಎರಡು ಕಡೆಗಳುಂಟು. ನಾವು ಇದುವರೆಗೆ ಒಂದು ಕಡೆಯ ತಟ್ಟೆಗೆ ಮಾತ್ರ ನ್ಯಾಯವೆಂಬ ಹೆಸರನ್ನು ಕೊಟ್ಟು ರೂಢಿಸಿಕೊಂಡಿದ್ದೇವೆ.

ಪೊಟ್ಟಣಗಳ ಮೇಲೆ ಕಾಣುವ ಮುದ್ರೆಗಳೆಲ್ಲ ಒಂದೇ ಅರ್ಥವನ್ನು ಹೇಳುವದಿಲ್ಲ. ೧೯೩೭ರ ಕಾಯದೆಯಿಂದ ಬಂದ ಅಗ್‌ಮಾರ್ಕ್ ಮುದ್ರೆಯು ಪದಾರ್ಥದ ದರ್ಜೆಯನ್ನೂ ಶುದ್ಧಿಯನ್ನೂ ಹೇಳುವದು. ಸಾವಯವ ಮುದ್ರೆಯು ಬೆಳೆದ ರೀತಿಯನ್ನು ಹೇಳುವದು. ೨೦೧೯ರಲ್ಲಿ ಕಲಬುರಗಿಯ ತೊಗರಿಬೇಳೆಗೆ ದೊರೆತ ಭೌಗೋಳಿಕ ಸೂಚಕವು ಬೆಳೆದ ನೆಲವನ್ನು ಹೇಳುವದು. ಇವುಗಳಲ್ಲಿ ಯಾವದೂ ಬೆಳೆದವನ ಕೈಗೆ ಎಷ್ಟು ಹಣ ಬಂದಿತೆಂಬದನ್ನು ಹೇಳುವದಿಲ್ಲ. ಶುದ್ಧವಾದ ಬೇಳೆಯನ್ನು ಅನ್ಯಾಯದ ಬೆಲೆಗೆ ಕೊಳ್ಳಬಹುದು. ಸಾವಯವದ ಬೆಲ್ಲಕ್ಕೆ ಆರು ತಿಂಗಳು ಹಣ ಕೊಡದೆ ಇರಬಹುದು. ಮುದ್ರೆಯು ಆಗಲೂ ಸುಳ್ಳಾಗುವದಿಲ್ಲ. ಬೆಲೆಯ ವಿಷಯವನ್ನೇ ಹೇಳಲು ಹುಟ್ಟಿದ ಮುದ್ರೆ ನ್ಯಾಯವ್ಯಾಪಾರದ ಮುದ್ರೆ.

ಅದರ ಉತ್ಪತ್ತಿಯನ್ನು ಸಂಕ್ಷೇಪವಾಗಿ ಹೇಳುವೆನು. ಮೆಕ್ಸಿಕೋ ದೇಶದ ಒಹಾಕಾ ಪ್ರಾಂತದ ಬೆಟ್ಟಗಳಲ್ಲಿ ಕಾಫಿ ಬೆಳೆಯುವ ಸಣ್ಣ ರೈತರೊಡನೆ ವಾಸವಾಗಿದ್ದ ಫ್ರಾನ್ಸ್ ವಾನ್ ಡೆರ್ ಹಾಫ್ ಎಂಬ ಪಾದ್ರಿಯೂ, ನೆದರ್ಲೆಂಡ್ ದೇಶದ ನಿಕೊ ರೋಜನ್ ಎಂಬವರೂ ಕೂಡಿ ೧೯೮೮ರಲ್ಲಿ ಮ್ಯಾಕ್ಸ್ ಹಾವೆಲಾರ್ ಎಂಬ ಮುದ್ರೆಯನ್ನು ಆರಂಭಿಸಿದರು. ಜಾವಾ ದ್ವೀಪದ ರೈತರ ಮೇಲೆ ಡಚ್ಚರ ಆಳಿಕೆಯಲ್ಲಿ ನಡೆದ ಅನ್ಯಾಯವನ್ನು ಚಿತ್ರಿಸಿದ ೧೮೬೦ರ ಒಂದು ಡಚ್ ಕಾದಂಬರಿಯ ಹೆಸರು ಅದು. ಮರುವರ್ಷವೇ, ಅಂದರೆ ೧೯೮೯ರಲ್ಲಿ, ಕಾಫಿಯ ಧಾರಣೆಯನ್ನು ಹಿಡಿದು ನಿಲ್ಲಿಸಿದ್ದ ಅಂತರರಾಷ್ಟ್ರೀಯ ಒಪ್ಪಂದದ ಪಾಲುಪದ್ಧತಿಯು ಮುರಿದುಬಿದ್ದು ಬೆಲೆಗಳು ಕುಸಿದವು. ಮುದ್ರೆಯ ಅವಶ್ಯಕತೆಯು ಎಲ್ಲರಿಗೂ ಕಾಣಿಸಿತು. ಬೇರೆಬೇರೆ ದೇಶಗಳ ಇಂಥ ಮುದ್ರೆಗಳು ೧೯೯೭ರಲ್ಲಿ ಒಂದು ಒಕ್ಕೂಟವಾಗಿ ಜರ್ಮನಿಯ ಬಾನ್ ನಗರದಲ್ಲಿ ನೆಲೆಸಿದವು. ನಮ್ಮ ದೇಶದೊಳಗೆ ಕೊಳ್ಳುವವರಿಗಾಗಿ ಅದರ ಶಾಖೆಯು ೨೦೧೩ರಲ್ಲಿ ಕೆಲಸವನ್ನು ಆರಂಭಿಸಿತು.

ಈ ಮುದ್ರೆಯ ಕ್ರಮದಲ್ಲಿ ಮುಖ್ಯವಾದವು ಎರಡು ಅಂಶಗಳು. ಒಂದು ಕನಿಷ್ಠ ಬೆಲೆ: ಪೇಟೆಯು ಎಷ್ಟೇ ಬಿದ್ದರೂ ಮುದ್ರೆಯ ಮಾಲಿಗೆ ಅದಕ್ಕಿಂತ ಕಡಿಮೆ ಕೊಡಕೂಡದು, ಪೇಟೆಯು ಏರಿದರೆ ಪೇಟೆಯ ಬೆಲೆಯನ್ನೇ ಕೊಡತಕ್ಕದ್ದು. ಎರಡನೆಯದು ಮೇಲ್ತೆರಿಗೆಯಂತೆ ಕೊಡುವ ಸಾಮುದಾಯಿಕ ಹಣ: ಇದು ಒಬ್ಬೊಬ್ಬ ರೈತನಿಗೆ ಹೋಗದೆ ಅವರ ಸಹಕಾರ ಸಂಘಕ್ಕೆ ಹೋಗಿ, ಶಾಲೆ, ಬಾವಿ, ಗೋದಾಮು ಮುಂತಾದವುಗಳಿಗೆ ಅವರೇ ಕೂಡಿ ನಿಶ್ಚಯಿಸಿದಂತೆ ವೆಚ್ಚವಾಗುವದು. ಕಾಫಿಯಲ್ಲಿ ಈ ಕನಿಷ್ಠ ಬೆಲೆಯು, ಉತ್ತಮ ಜಾತಿಯ ತೊಳೆದ ಬೀಜಕ್ಕೆ, ೨೦೧೧ರಿಂದ ಪೌಂಡಿಗೆ ೧೪೦ ಸೆಂಟು ಇದ್ದು, ೨೦೨೩ರಲ್ಲಿ ೧೮೦ ಸೆಂಟಿಗೆ ಏರಿತು; ಸಾಮುದಾಯಿಕ ಹಣವು ೨೦ ಸೆಂಟು. ಪೌಂಡೆಂದರೆ ಸುಮಾರು ೪೫೪ ಗ್ರಾಂ.

ಇನ್ನು ಪೂರ್ವಪಕ್ಷವನ್ನು ನೋಡೋಣ. ತರುಣರ ಪಕ್ಷವು ಹೀಗಿದೆ. ೨೦೦೧ರಲ್ಲಿ ಜಗತ್ತಿನ ಪೇಟೆಯಲ್ಲಿ ಕಾಫಿಯ ಬೆಲೆಯು ಪೌಂಡಿಗೆ ೫೦ ಸೆಂಟಿಗಿಂತ ಕೆಳಗೆ ಇಳಿದಿತ್ತು. ಗಿಡಕ್ಕೆ ಹಾಕಿದ ಗೊಬ್ಬರದ ಹಣವೂ ಬಾರದೆ ಬೆಳೆಗಾರರು ತೋಟಗಳನ್ನು ಬಿಟ್ಟು ಹೋದರು. ಅಂಥ ಕಾಲದಲ್ಲಿ ಮುದ್ರೆಯ ಕನಿಷ್ಠ ಬೆಲೆಯು ದೊರೆತವನಿಗೆ ಪೇಟೆಯ ಧಾರಣೆಯ ಎರಡರಷ್ಟು ಮೀರಿ ಹಣ ದೊರೆಯಿತು. ಇದು ನಿಜ, ಯಾರೂ ಅಲ್ಲಗಳೆಯಲಾರರು. ಕೊಳ್ಳುವ ಜನರಲ್ಲಿಯೂ ನ್ಯಾಯಬುದ್ಧಿಯು ಸತ್ತಿಲ್ಲವೆಂಬದಕ್ಕೆ ಒಂದು ನಿದರ್ಶನವುಂಟು. ಅಮೇರಿಕದ ೨೬ ಅಂಗಡಿಗಳಲ್ಲಿ ಕಾಫಿಗೆ ಈ ಮುದ್ರೆಯನ್ನು ಹಚ್ಚಿ ನಡೆಯಿಸಿದ ಪ್ರಯೋಗವು ೨೦೧೫ರಲ್ಲಿ ಪ್ರಕಟವಾಯಿತು. ಮುದ್ರೆಯೊಂದರಿಂದಲೇ ಮಾರಾಟವು ಹೆಚ್ಚುಕಡಿಮೆ ನೂರಕ್ಕೆ ಹತ್ತರಷ್ಟು ಹೆಚ್ಚಿತೆಂದು ಅದರಲ್ಲಿ ಕಂಡುಬಂದಿತು.

ಹಿರಿಯರ ಪಕ್ಷವು ಹೀಗಿದೆ. ಮೊದಲನೆಯದಾಗಿ, ಕೊಟ್ಟ ಹೆಚ್ಚಿನ ಹಣವೆಲ್ಲ ಬೆಳೆದವನಿಗೆ ಮುಟ್ಟುವದಿಲ್ಲ. ಒಂದು ಪೌಂಡು ಹಸಿಬೀಜವನ್ನು ಹುರಿದು ಪುಡಿಮಾಡಿದರೆ ಸುಮಾರು ನಾಲ್ವತ್ತು ಲೋಟ ಕಾಫಿಯಾಗುವದು. ಸಾಮುದಾಯಿಕ ಹಣವು ಇಪ್ಪತ್ತು ಸೆಂಟಾದರೆ ಲೋಟವೊಂದಕ್ಕೆ ಬೀಳುವದು ಅರ್ಧ ಸೆಂಟು. ಅಂಗಡಿಯವನು ಮುದ್ರೆಯ ಹೆಸರಿನಲ್ಲಿ ಅದಕ್ಕಿಂತ ಎಷ್ಟು ಹೆಚ್ಚು ತೆಗೆದುಕೊಂಡರೂ ಮಿಕ್ಕುದು ನಡುವಿನವರ ಪಾಲು. ಎರಡನೆಯದಾಗಿ, ಪೇಟೆಯ ಬೆಲೆಯು ಏರಿರುವಾಗ ಕನಿಷ್ಠ ಬೆಲೆಯು ಮಲಗಿರುವದು. ೨೦೨೫ರ ಫೆಬ್ರುವರಿಯಲ್ಲಿ ಕಾಫಿಯು ಪೌಂಡಿಗೆ ನಾಲ್ಕು ಡಾಲರನ್ನು ಮೀರಿತ್ತು. ಆಗ ೧೮೦ ಸೆಂಟಿನ ಆಶ್ವಾಸನದಿಂದ ಯಾರಿಗೂ ಪ್ರಯೋಜನವಿರಲಿಲ್ಲ. ಮೂರನೆಯದಾಗಿ, ಮುದ್ರೆಯನ್ನು ಪಡೆಯಲು ರೈತರ ಸಂಘವೇ ಶುಲ್ಕ ತೆರಬೇಕು. ಆದರೆ ಬೆಳೆಯೆಲ್ಲ ಮುದ್ರೆಯ ಬೆಲೆಗೆ ಹೋಗುವದೆಂಬ ಭರವಸೆಯಿಲ್ಲ. ಗ್ವಾಟೆಮಾಲಾ ದೇಶದ ಕಾಫಿ ಸಂಘಗಳ ಲೆಕ್ಕಗಳನ್ನು ಪರಿಶೀಲಿಸಿ ೨೦೧೫ರಲ್ಲಿ ಹೊರಬಂದ ಪ್ರಬಂಧವು ಇದನ್ನೇ ತೋರಿಸಿತು: ಮುದ್ರೆಯಿಂದ ಲಾಭವಿದ್ದಾಗ ಹೆಚ್ಚು ಹೆಚ್ಚು ಜನರು ಮುದ್ರೆ ಪಡೆಯುವರು, ಒಬ್ಬೊಬ್ಬರು ಮುದ್ರೆಯ ಮೇಲೆ ಮಾರುವ ಪಾಲು ಕುಗ್ಗುವದು, ಕಡೆಗೆ ಶುಲ್ಕವನ್ನು ಕಳೆದರೆ ಉಳಿಯುವ ಲಾಭವು ಅತ್ಯಲ್ಪವಾಗುವದು. ನಾಲ್ಕನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಆಕ್ಷೇಪವೆಂದರೆ ಕೂಲಿಯವರದು. ಲಂಡನ್ ವಿಶ್ವವಿದ್ಯಾಲಯದ ಪೌರ್ವಾತ್ಯ ಆಫ್ರಿಕನ್ ವಿದ್ಯಾಲಯದವರು ಇಥಿಯೋಪಿಯಾ ಯುಗಾಂಡಾ ದೇಶಗಳಲ್ಲಿ ಶೋಧಿಸಿ ೨೦೧೪ರಲ್ಲಿ ಒಂದು ವರದಿಯನ್ನು ಕೊಟ್ಟರು. ಮುದ್ರೆಯ ಸಂಘಗಳಿರುವ ಕಡೆಗಳಲ್ಲಿ ದುಡಿಯುವ ಕೂಲಿಗಳ ಸ್ಥಿತಿಯು ಮುದ್ರೆಯಿಲ್ಲದ ಕಡೆಗಳಿಗಿಂತ ಉತ್ತಮವಾಗಿಲ್ಲ, ಕೆಲವೆಡೆ ಹೀನವಾಗಿಯೂ ಇದೆಯೆಂಬದು ಅದರ ಸಾರ. ಹೊಲದ ಒಡೆಯನಿಗೆ ನ್ಯಾಯ ದೊರೆತೊಡನೆ ಕಳೆ ಕೀಳುವ ಹೆಣ್ಣುಮಗಳಿಗೆ ನ್ಯಾಯ ದೊರೆತಂತಾಗಲಿಲ್ಲ.

ಈ ಎರಡು ಪಕ್ಷಗಳ ನಡುವೆ ನಿರ್ಣಯಕ್ಕೆ ಬರುವದು ಹೇಗೆ? ಇಲ್ಲಿ ಪ್ರಮಾಣವಿಚಾರವು ನಮಗೆ ದೀಪವಾಗುವದು. ಕಣ್ಣಾರೆ ಕಂಡದ್ದು ಪ್ರತ್ಯಕ್ಷ. ಬಲ್ಲವನ ಮಾತಿನಿಂದ ತಿಳಿದದ್ದು ಶಬ್ದ. ಶಬ್ದವು ಪ್ರಮಾಣವಾಗಬೇಕಾದರೆ ನುಡಿಯುವವನು ಆಪ್ತನಾಗಿರಬೇಕು, ಅಂದರೆ ಇದ್ದುದನ್ನು ಇದ್ದಂತೆ ತಿಳಿದವನೂ ತಿಳಿದಂತೆ ನುಡಿಯುವವನೂ ಆಗಿರಬೇಕು. ಪೊಟ್ಟಣದ ಮೇಲಿನ ಮುದ್ರೆಯು ಶಬ್ದಪ್ರಮಾಣವೇ ಸರಿ. ಅಸ್ಸಾಮಿನ ಚಹದ ತೋಟದಲ್ಲಿಯೋ ಆಫ್ರಿಕೆಯ ಕೋಕೋ ತೋಪಿನಲ್ಲಿಯೋ ನಡೆಯುವದನ್ನು ಹುಮನಾಬಾದಿನ ಅಂಗಡಿಯಲ್ಲಿ ನಿಂತು ನಾವು ಕಾಣಲಾರೆವು. ಕಾಣಲಾರದ ವಸ್ತುವಿನಲ್ಲಿ ಆಪ್ತನ ಮಾತನ್ನು ತಳ್ಳಿಬಿಟ್ಟರೆ ಉಳಿಯುವದು ಜ್ಞಾನವಲ್ಲ, ಅಜ್ಞಾನವೇ. ಆದ್ದರಿಂದ ದೂರದ ಪದಾರ್ಥದಲ್ಲಿ ಮುದ್ರೆಗೆ ಬೆಲೆಯಿಲ್ಲವೆಂಬ ಹಿರಿಯರ ಮಾತು ನಿಲ್ಲುವದಿಲ್ಲ. ಅದು ಪೂರ್ಣನ್ಯಾಯವನ್ನು ಕೊಡಲಾರದು. ಆದರೂ ಏನೂ ಇಲ್ಲದ್ದಕ್ಕಿಂತ ಮೇಲು. ಬೆಲೆಯು ಬೀಳುವ ದುಷ್ಕಾಲದಲ್ಲಂತೂ ಬಹಳ ಮೇಲು.

ಆದರೆ ಆಪ್ತನ ಪರೀಕ್ಷೆಯನ್ನು ಮಾಡದೆ ಮಾತನ್ನು ನಂಬಕೂಡದು. ಮುದ್ರೆಯು ಏನನ್ನು ಹೇಳುತ್ತದೆ, ಏನನ್ನು ಹೇಳುವದಿಲ್ಲ ಎಂಬದನ್ನು ತಿಳಿಯಬೇಕು. ನಮ್ಮ ದೇಶದ ಚಹದ ಪೊಟ್ಟಣಗಳ ಮೇಲೆ ಟ್ರಸ್ಟೀ ಎಂಬ ಗುರುತೂ, ಮಳೆಕಾಡಿನ ಕಪ್ಪೆಯ ಗುರುತುಳ್ಳ ರೇನ್‌ಫಾರೆಸ್ಟ್ ಅಲಯನ್ಸ್ ಮುದ್ರೆಯೂ ಕಾಣುವವು. ಇವು ತೋಟದ ನಿರ್ವಹಣೆ, ಔಷಧಗಳ ಬಳಕೆ, ಕೆಲಸಗಾರರ ಸುರಕ್ಷತೆ ಮುಂತಾದ ನಿಯಮಗಳನ್ನು ಹೇಳುವವು. ಆದರೆ ನ್ಯಾಯವ್ಯಾಪಾರದ ಮುದ್ರೆಯಂತೆ ಕನಿಷ್ಠ ಬೆಲೆಯನ್ನು ಕಟ್ಟಿಕೊಡುವವುಗಳಲ್ಲ. ಹಸಿರು ಎಲೆಯ ಚಿತ್ರವನ್ನು ಕಂಡು ಎಲ್ಲವನ್ನೂ ಒಂದೇ ಎಂದು ಭಾವಿಸಿದರೆ ತಪ್ಪು ಮುದ್ರೆಯದಲ್ಲ, ಓದಿದವನದು.

ದೂರದ ಮುದ್ರೆಗೆ ಬದಲಾಗಿ ನೆರೆಯವರೇ ಆಪ್ತರಾಗುವ ಒಂದು ಕ್ರಮವು ನಮ್ಮ ಸಮೀಪದಲ್ಲಿಯೇ ಉಂಟು. ಹುಮನಾಬಾದಿನಿಂದ ಹೈದರಾಬಾದಿನ ಹೆದ್ದಾರಿಯನ್ನು ಹಿಡಿದು ರಾಜ್ಯದ ಗಡಿಯನ್ನು ದಾಟಿದರೆ ಜಹೀರಾಬಾದವು ಬರುವದು. ಅಲ್ಲಿಯ ಪಸ್ತಾಪುರದಲ್ಲಿ ೧೯೮೩ರಿಂದ ನಡೆದು ಬಂದಿರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯು ಬಡ ದಲಿತ ಹೆಣ್ಣುಮಕ್ಕಳ ಸಂಘಗಳಿಂದ ಕೂಡಿದ್ದು. ಮೈಸೂರು ಕಡೆಯಿಂದ ಬಂದು ಅದನ್ನು ಬೆಳೆಯಿಸಿದ ಪಿ. ವಿ. ಸತೀಶರು ೨೦೨೩ರಲ್ಲಿ ಕಾಲವಶರಾದರು. ೨೦೧೯ರಲ್ಲಿ ವಿಶ್ವಸಂಸ್ಥೆಯ ಇಕ್ವೇಟರ್ ಪ್ರಶಸ್ತಿಯು ಆ ಸಂಸ್ಥೆಗೆ ಸಂದಿತು. ಸಜ್ಜೆ, ನವಣೆ, ಜೋಳ, ತೊಗರಿಗಳನ್ನು ಕೂಡಿಸಿ ಬೆಳೆಯುವ ಅಲ್ಲಿಯ ರೈತ ಹೆಂಗಸರು ತಮ್ಮ ಧಾನ್ಯಕ್ಕೆ ದೂರದ ಅಧಿಕಾರಿಯಿಂದ ಚೀಟಿಯನ್ನು ತರಲಿಲ್ಲ. ಒಬ್ಬರ ಹೊಲವನ್ನು ಒಬ್ಬರು ನೋಡಿ, ಒಬ್ಬರಿಗೊಬ್ಬರು ಹೊಣೆಯಾಗುವ ಪರಸ್ಪರ ಪ್ರಮಾಣದ ಕ್ರಮವನ್ನು ಅನುಸರಿಸಿದರು. ಈ ಪ್ರಮಾಣವು ರಾಸಾಯನಿಕಗಳಿಲ್ಲದ ಬೇಸಾಯವನ್ನು ಕುರಿತದ್ದು, ಬೆಲೆಯನ್ನು ಕುರಿತದ್ದಲ್ಲ. ಆದರೂ ಅದರಿಂದ ಕಲಿಯತಕ್ಕದ್ದು ಒಂದಿದೆ: ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಸತ್ಯವಿರುವಾಗ ಅದನ್ನು ಕಾಣುವ ಹೊಣೆಯನ್ನು ಪರರಿಗೆ ಮಾರಬಾರದು.

ಈಗ ನಮ್ಮ ಸೀಮೆಯ ಮಾತಿಗೆ ಬರೋಣ. ನಮ್ಮ ದಾಸೋಹದಲ್ಲಿ ಚಹ ಕಾಫಿಗಳು ಸೇರುವದು ಬಹು ಸ್ವಲ್ಪ. ತೊಗರಿಬೇಳೆ, ಜೋಳ, ಕಡಲೆ, ಉದ್ದು, ಬೆಲ್ಲ, ಸಕ್ಕರೆ ಇವುಗಳೇ ರಾಶಿಯಾಗಿ ಸೇರುವವು. ಇವುಗಳಲ್ಲಿ ಹೆಚ್ಚಿನವು ಬಸವಕಲ್ಯಾಣ, ಹುಮನಾಬಾದ, ಭಾಲ್ಕಿ ಪೇಟೆಗಳಿಂದ ಬರುವವು. ಬೆಳೆದವರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಇಲ್ಲಿ ನ್ಯಾಯಬೆಲೆಯ ಪ್ರಯತ್ನಗಳು ನಡೆಯದೆ ಇಲ್ಲ. ಹಿಂದೆ ದೇಶದ ಅನೇಕ ಪೇಟೆಗಳಲ್ಲಿ ದಲಾಲನೂ ಕೊಳ್ಳುವವನೂ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಧಾರಣೆ ಕಟ್ಟುತ್ತಿದ್ದರು. ಮಾಲಿನ ಒಡೆಯನು ಎದುರಿಗೆ ನಿಂತಿದ್ದರೂ ಬೆಲೆಯನ್ನು ಅರಿಯನು. ೧೯೨೮ರ ಕೃಷಿ ರಾಯಲ್ ಆಯೋಗವು ಕ್ರಮಬದ್ಧ ಪೇಟೆಗಳನ್ನು ಸ್ಥಾಪಿಸಬೇಕೆಂದು ಹೇಳಿತು. ಆಗ ನಮ್ಮ ಬೀದರವು ಸೇರಿದ್ದ ಹೈದರಾಬಾದ ಸಂಸ್ಥಾನದಲ್ಲಿ ೧೯೩೦ರಲ್ಲಿ ಕೃಷಿ ಪೇಟೆಗಳ ಕಾಯದೆಯಾಯಿತು. ರಾಜ್ಯಗಳ ಪುನರ್ವಿಂಗಡಣೆಯ ನಂತರ ೧೯೬೬ರ ಕಾಯದೆಯು ಬಂದಿತು. ಬಹಿರಂಗ ಸವಾಲು, ಸರಿಯಾದ ತೂಕ, ಮಾರಾಟದ ಪಟ್ಟಿ ಇವೆಲ್ಲ ಆ ಮಾರ್ಗದಿಂದ ಬಂದ ನ್ಯಾಯಗಳು.

ಕಬ್ಬಿನ ವಿಷಯದಲ್ಲಿ ಕಾಯದೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಕಾರಖಾನೆಯವರು ಕೊಡತಕ್ಕ ಕನಿಷ್ಠ ದರಕ್ಕೆ ಕೇಂದ್ರ ಸರಕಾರವು ೨೦೦೯ರಿಂದ “ನ್ಯಾಯಯುತ ಮತ್ತು ಲಾಭದಾಯಕ ದರ” ಎಂದೇ ಹೆಸರಿಟ್ಟಿದೆ. ೨೦೨೫-೨೬ನೆಯ ಹಂಗಾಮಿಗೆ ನೂರಕ್ಕೆ ೧೦.೨೫ ಇಳುವರಿಯ ಕಬ್ಬಿಗೆ ಅದು ಕ್ವಿಂಟಲಿಗೆ ೩೫೫ ರೂಪಾಯಿ. ಕಬ್ಬು ಮುಟ್ಟಿದ ೧೪ ದಿನಗಳೊಳಗೆ ಹಣವನ್ನು ಕೊಡಬೇಕು. ತಡವಾದರೆ ವರ್ಷಕ್ಕೆ ನೂರಕ್ಕೆ ೧೫ರಂತೆ ಬಡ್ಡಿಯನ್ನು ಸೇರಿಸಿ ಕೊಡಬೇಕೆಂದು ೧೯೬೬ರ ಕಬ್ಬು ನಿಯಂತ್ರಣ ಆಜ್ಞೆಯಲ್ಲಿದೆ. ಈ ನಿಯಮದ ತಾತ್ಪರ್ಯವನ್ನು ಗಮನಿಸಿರಿ: ಬೆಲೆಯು ನ್ಯಾಯವಾಗಿದ್ದರೂ ಕಾಲವು ತಪ್ಪಿದರೆ ನ್ಯಾಯವೂ ತಪ್ಪಿತು. ಕಾಯದೆಯು ಹೀಗಿದ್ದರೂ ಬಾಕಿಯ ಹಣಕ್ಕಾಗಿ ರೈತರು ಕಾರಖಾನೆಗಳ ಬಾಗಿಲಲ್ಲಿ ಕುಳಿತ ದಿನಗಳನ್ನು ನಮ್ಮ ನಾಡು ಕಂಡಿದೆ. ಮುದ್ರೆಯಂತೆಯೇ ಕಾಯದೆಯೂ ಪಾಲಿಸುವವನ ಕೈಯಲ್ಲಿ ಮಾತ್ರ ಜೀವಂತವಾಗಿರುವದು.

ತೊಗರಿಯ ಕಥೆಯು ನಿಮಗೆಲ್ಲ ನೆನಪಿರುವದು. ೨೦೧೫ರಲ್ಲಿ ಬೇಳೆಯು ಕಿಲೋಗ್ರಾಮಿಗೆ ೨೦೦ ರೂಪಾಯಿಯವರೆಗೆ ಏರಿತು, ಕೊಳ್ಳುವವರು ಅತ್ತರು. ಅದನ್ನು ಕಂಡು ರೈತರು ೨೦೧೬ರಲ್ಲಿ ಹೆಚ್ಚು ಬಿತ್ತಿದರು, ಮಳೆಯೂ ಒಲಿಯಿತು, ದೇಶದ ತೊಗರಿಯ ಬೆಳೆಯು ಸುಮಾರು ೨೫ ಲಕ್ಷ ಟನ್ನಿನಿಂದ ೪೮ ಲಕ್ಷ ಟನ್ನಿಗೆ ಏರಿತು, ಹೊರದೇಶದ ಕಾಳೂ ಬಂದಿಳಿಯಿತು. ೨೦೧೭ರ ಆರಂಭದ ಸುಗ್ಗಿಯಲ್ಲಿ ಬೆಂಬಲ ಬೆಲೆಯು ಕ್ವಿಂಟಲಿಗೆ ೫,೦೫೦ ರೂಪಾಯಿ ಇದ್ದಾಗ ಕಲಬುರಗಿ ಬೀದರ ಸೀಮೆಯ ಪೇಟೆಗಳಲ್ಲಿ ಧಾರಣೆಯು ಅದಕ್ಕಿಂತ ಕೆಳಗೆ ಬಿದ್ದಿತು, ಬೆಳೆದವರು ಅತ್ತರು. ಸರಕಾರವು ಖರೀದಿ ಕೇಂದ್ರಗಳನ್ನು ತೆರೆಯಿತು. ಸಾಲದ ಕಂತು ಎದುರಿಗಿದ್ದವನು ಅಲ್ಲಿ ಸರದಿ ಕಾಯಲಾರದೆ ಬಂದ ಬೆಲೆಗೆ ಮಾರಿದನು. ೨೦೨೫-೨೬ಕ್ಕೆ ತೊಗರಿಯ ಬೆಂಬಲ ಬೆಲೆಯು ೮,೦೦೦ ರೂಪಾಯಿ. ಬೆಂಬಲ ಬೆಲೆಯೆಂಬದು ಸರಕಾರವು ತಾನು ಕೊಳ್ಳುವಾಗ ಕೊಡುವ ಬೆಲೆ. ಪೇಟೆಯಲ್ಲಿ ಕೊಳ್ಳುವ ಇತರರನ್ನು ಅದು ಕಟ್ಟುವದಿಲ್ಲ. ಹಾಗೆ ಕಟ್ಟದೆ ಉಳಿದಿರುವ ಕೊಳ್ಳುವವರಲ್ಲಿ ನಮ್ಮ ಮಠವೂ ಒಂದು, ನಿಮ್ಮ ಮನೆಗಳೂ ಸೇರಿವೆ.

ಉದಾಹರಣೆಗಾಗಿ ಒಂದು ಲೆಕ್ಕವನ್ನು ಹಾಕೋಣ. ಮಠವು ವರ್ಷಕ್ಕೆ ೨೦ ಕ್ವಿಂಟಲ್ ತೊಗರಿಯನ್ನು ಕೊಳ್ಳುವದೆಂದೂ, ಸುಗ್ಗಿಯ ಧಾರಣೆಯು ಬೆಂಬಲ ಬೆಲೆಗಿಂತ ೭೦೦ ರೂಪಾಯಿ ಕಡಿಮೆಯೆಂದೂ ಇಟ್ಟುಕೊಳ್ಳಿರಿ. ಬೆಂಬಲ ಬೆಲೆಯನ್ನೇ ಕೊಟ್ಟರೆ ಹೆಚ್ಚು ತೆತ್ತದ್ದು ೧೪,೦೦೦ ರೂಪಾಯಿ. ಅದು ಪೂರ್ತಿಯಾಗಿ ಬೆಳೆದವನ ಕೈಗೆ ಸೇರುವದು. ೩೦ ಕಿಲೋಗ್ರಾಂ ಮುದ್ರೆಯ ಚಹವನ್ನು ಕಿಲೋಗ್ರಾಮಿಗೆ ೧೫೦ ರೂಪಾಯಿ ಹೆಚ್ಚು ಕೊಟ್ಟು ತಂದರೆ ಹೆಚ್ಚು ತೆತ್ತದ್ದು ೪,೫೦೦ ರೂಪಾಯಿ. ಅದರಲ್ಲಿ ಒಂದು ಅಂಶ ಮಾತ್ರ ತೋಟಕ್ಕೆ ಮುಟ್ಟುವದು. ಮುದ್ರೆಯ ಚಹವನ್ನು ತಂದು, ತೊಗರಿಯನ್ನು ಬಿದ್ದ ಧಾರಣೆಗೆ ಕೊಂಡು, ನಾವು ನ್ಯಾಯವಂತರೆಂದು ಸಮಾಧಾನಪಟ್ಟುಕೊಂಡರೆ ಅದು ದೂರದವನಿಗೆ ಕೈಮುಗಿದು ನೆರೆಯವನ ಕಾಲು ತುಳಿದಂತಾಗುವದು. ತರುಣರ ಪಕ್ಷದಲ್ಲಿ ಉಳಿದ ನ್ಯೂನತೆ ಇದು.

ಹಿರಿಯರ ಪ್ರಶ್ನೆಯೊಂದಕ್ಕೆ ಇನ್ನೂ ಉತ್ತರವಾಗಿಲ್ಲ. ಭಕ್ತರ ಹಣದಿಂದ ಪೇಟೆಯ ಧಾರಣೆಗಿಂತ ಹೆಚ್ಚು ಕೊಡುವದು ಯುಕ್ತವೇ? ಇದಕ್ಕೆ ಸಮಾಧಾನವು ಈ ಕಲ್ಯಾಣದ ನೆಲದಲ್ಲಿಯೇ ಇದ್ದು, ಶರಣರ ಚರಿತ್ರೆಗಳಿಂದ ನಮಗೆ ದೊರೆಯುವದು. ಹುಲ್ಲಿನ ಹಗ್ಗವನ್ನು ಹೊಸೆದು ಮಾರಿ ಬಂದುದರಿಂದ ಜಂಗಮಸೇವೆ ಮಾಡುತ್ತಿದ್ದ ನುಲಿಯ ಚಂದಯ್ಯನವರ ಹಗ್ಗಕ್ಕೆ ಬಸವಣ್ಣನವರು ಸಾವಿರ ಹೊನ್ನನ್ನು ಕೊಟ್ಟರೆಂದೂ, ಅದು ಹಗ್ಗದ ಬೆಲೆಯಲ್ಲವೆಂದು ಚಂದಯ್ಯನವರು ಒಪ್ಪಲಿಲ್ಲವೆಂದೂ ಪರಂಪರೆಯಲ್ಲಿ ಹೇಳುವರು. ಆಯ್ದಕ್ಕಿ ಲಕ್ಕಮ್ಮನವರು ಪತಿಯು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಹೆಚ್ಚಿನದನ್ನು ತಿರುಗಿ ಸುರಿದು ಬರಲು ಹೇಳಿದ ಸಂಗತಿಯು ಎಲ್ಲರಿಗೂ ಗೊತ್ತಿದ್ದದ್ದೇ. ಕಾಯಕಕ್ಕೆ ತಕ್ಕ ಬೆಲೆಯೊಂದಿದೆ. ಅದಕ್ಕೆ ಹೆಚ್ಚಾದುದು ಬೇಡ, ಕಡಿಮೆಯಾದುದು ಕೂಡದು ಎಂಬದು ಇವುಗಳ ತಾತ್ಪರ್ಯ. ಆದಕಾರಣ ನ್ಯಾಯದ ಬೆಲೆಯು ದಾನವಲ್ಲ, ತೀರಿಸಬೇಕಾದ ಋಣ. ಋಣವನ್ನು ತೀರಿಸಿದ ಮೇಲೆ ಉಳಿದುದರಿಂದಲೇ ದಾಸೋಹ. ಸಾಗುವಳಿಯ ವೆಚ್ಚವೂ ಹುಟ್ಟದ ಬೆಲೆಗೆ ಕೊಂಡ ಬೇಳೆಯಿಂದ ಸಾವಿರ ಜನರಿಗೆ ಉಣಬಡಿಸಿದರೆ ಅಲ್ಲಿ ನಿಜವಾಗಿ ಉಣಬಡಿಸಿದವನು ಯಾರು? ಬೆಳೆದ ರೈತನು. ಅವನು ಒಪ್ಪಿ ಕೊಟ್ಟದ್ದಲ್ಲ, ಒತ್ತಡದಿಂದ ಕಳೆದುಕೊಂಡದ್ದು. ಕೀರ್ತಿಯು ಮಾತ್ರ ನಮ್ಮದಾಗುವದು. ನೂರು ಎಡೆ ಕಡಿಮೆಯಾದರೂ ಚಿಂತೆಯಿಲ್ಲ, ಇಂಥ ಎಡೆಯು ಒಂದೂ ಇರಬಾರದು.

ಹೀಗೆ ವಿಚಾರಿಸಿ ಬಂದ ನಿರ್ಣಯವನ್ನು ಶ್ರೀಸನ್ನಿಧಿಯಲ್ಲಿ ಅರಿಕೆ ಮಾಡುವೆನು. ದೂರದಿಂದ ಬರುವ, ಬೆಳೆದವನನ್ನು ನಾವು ಕಾಣಲಾರದ ಚಹ ಕಾಫಿ ಮೊದಲಾದವುಗಳಲ್ಲಿ ಕನಿಷ್ಠ ಬೆಲೆಯನ್ನು ಕಟ್ಟಿಕೊಡುವ ಮುದ್ರೆಯುಳ್ಳದ್ದು ಸಿಕ್ಕರೆ, ಬೆಲೆಯ ಅಂತರವು ಮಿತವಾಗಿದ್ದರೆ, ಅದನ್ನೇ ಕೊಳ್ಳುವದು ಯುಕ್ತ. ಸಿಗದಿದ್ದರೆ ದೋಷವಿಲ್ಲ. ಹತ್ತಿರದ ಧಾನ್ಯಗಳಲ್ಲಿ ಯಾವ ಮುದ್ರೆಯನ್ನೂ ಹುಡುಕದೆ ನಾವೇ ನೋಡತಕ್ಕದ್ದು: ಒಣಗಿ ಹಸನಾದ ಕಾಳಿಗೆ ಬೆಂಬಲ ಬೆಲೆ, ಪೇಟೆಯು ಅದಕ್ಕಿಂತ ಮೇಲಿದ್ದರೆ ಪೇಟೆಯ ಬೆಲೆ, ತೂಕವು ಬೆಳೆದವನ ಕಣ್ಣೆದುರಿಗೆ, ಹಣವು ಕಬ್ಬಿಗೆ ಕಾಯದೆಯು ಇಟ್ಟ ಹದಿನಾಲ್ಕು ದಿನಗಳನ್ನು ಮೀರದಂತೆ. ಕೊಂಡ ಧಾನ್ಯ, ಊರು, ದರ, ತೂಕ, ಹಣ ಕೊಟ್ಟ ತಿಥಿ ಇವುಗಳನ್ನು ಉಗ್ರಾಣದ ಲೆಕ್ಕದ ಪುಸ್ತಕದಲ್ಲಿ ಬರೆದು ವರ್ಷಕ್ಕೊಮ್ಮೆ ಭಕ್ತರ ಎದುರಿಗೆ ಓದಬೇಕು. ಬೆಳೆದವನು ಸಭೆಯಲ್ಲಿ ಕುಳಿತು “ಅಹುದು” ಎನ್ನುವದಕ್ಕಿಂತ ದೊಡ್ಡ ಪ್ರಮಾಣವು ಯಾವ ಬಾನ್ ನಗರದಿಂದಲೂ ಬರಲಾರದು.

ನಮ್ಮ ಭಕ್ತರಲ್ಲಿಯೇ ಅಡತಿ ಅಂಗಡಿಗಳನ್ನು ನಡೆಯಿಸುವವರಿದ್ದಾರೆ. ಈ ಮಾತುಗಳನ್ನು ಅವರು ತಮ್ಮ ಮೇಲಿನ ಆಕ್ಷೇಪವೆಂದು ಭಾವಿಸಬಾರದು. ಬಿತ್ತುವ ಕಾಲದಲ್ಲಿ ಬ್ಯಾಂಕಿನ ಬಾಗಿಲು ತೆರೆಯದಿದ್ದಾಗ ರೈತನಿಗೆ ಹಣ ಕೊಟ್ಟವರು ಅವರೇ. ಮಾಲನ್ನು ಕಾಪಾಡಿ ಗಿರಾಕಿಯನ್ನು ತರುವವರೂ ಅವರೇ. ಅವರ ಕಾಯಕಕ್ಕೂ ತಕ್ಕ ಬೆಲೆಯುಂಟು. ಆದರೆ ಸಾಲದ ಕಾರಣದಿಂದ ಧಾರಣೆಯನ್ನು ಇಳಿಸುವದು, ಪಟ್ಟಿಯಲ್ಲಿ ಕಾರಣವಿಲ್ಲದ ಕಡಿತಗಳನ್ನು ಬರೆಯುವದು, ಚೀಲಕ್ಕಿಷ್ಟೆಂದು ಕಾಳನ್ನು ಹೆಚ್ಚಾಗಿ ತೆಗೆದುಕೊಳ್ಳುವದು ತಕ್ಕ ಬೆಲೆಯಲ್ಲ. ಮಠಕ್ಕೆ ಬರುವ ಮಾಲಿನಲ್ಲಿ ಅಂಥದೊಂದೂ ಇರದಂತೆ ಅವರೇ ಹೊಣೆಯಾಗಬೇಕೆಂದು ವಿನಂತಿ.

ಕಡೆಯದಾಗಿ ಕೂಲಿಯವರ ಮಾತು. ಮುದ್ರೆಯು ಮುಟ್ಟದ ಕಡೆಗೆ ನಮ್ಮ ಲೆಕ್ಕವೂ ಮುಟ್ಟದಿದ್ದರೆ ನಾವು ಮುದ್ರೆಯನ್ನು ಆಕ್ಷೇಪಿಸುವದಕ್ಕೆ ಅರ್ಹರಲ್ಲ. ಮಠದ ಸ್ವಂತ ಹೊಲದಲ್ಲಿ ಕಳೆ ಕೀಳುವವರಿಗೂ ರಾಶಿ ಮಾಡುವವರಿಗೂ, ಉಗ್ರಾಣದಲ್ಲಿ ಚೀಲ ಹೊರುವ ಹಮಾಲರಿಗೂ, ಪಾಕಶಾಲೆಯಲ್ಲಿ ದುಡಿಯುವ ತಾಯಂದಿರಿಗೂ ಸರಕಾರವು ಗೊತ್ತುಮಾಡಿದ ಕನಿಷ್ಠ ಕೂಲಿಗೆ ಕಡಿಮೆಯಾಗದಂತೆ, ಹೆಣ್ಣು ಗಂಡೆಂಬ ಭೇದವಿಲ್ಲದೆ, ದಿನ ತಪ್ಪದೆ ಕೊಡತಕ್ಕದ್ದು. ಸೇವೆಯೆಂಬ ಹೆಸರಿನಿಂದ ಕೂಲಿಯನ್ನು ಮುರಿಯಕೂಡದು. ಸೇವೆಯು ಮಾಡುವವನ ಇಚ್ಛೆ, ಕೂಲಿಯು ಮಾಡಿಸಿಕೊಳ್ಳುವವನ ಋಣ. ರೈತ ಭಕ್ತರೂ ಬೆಳೆಗೆ ನ್ಯಾಯದ ಬೆಲೆಯನ್ನು ಪಡೆದ ದಿನ ತಮ್ಮ ಹೊಲದಲ್ಲಿ ಬೆವರು ಸುರಿಸಿದವರನ್ನು ನೆನೆಯಬೇಕು.

ಈ ನಿರ್ಣಯದಲ್ಲಿ ಕೊರತೆಗಳಿದ್ದರೆ ಬಲ್ಲವರು ತಿದ್ದಬೇಕು. ಯುಕ್ತವೆಂದು ಕಂಡರೆ ಬರುವ ಸುಗ್ಗಿಯ ತೊಗರಿಯಿಂದಲೇ ಆರಂಭಿಸಲು ಶ್ರೀಗಳವರು ಅಪ್ಪಣೆ ದಯಪಾಲಿಸಬೇಕೆಂದು ಬೇಡಿಕೊಳ್ಳುವೆನು.

ಮಂಗಲಮಸ್ತು.